ಬಾಳಾಸಾಹೇಬರ ಲ್ಯಾಪ್‌ಟಾಪಿಗೆ ಬಂದ ಜ್ವರ

ಉಟಗಿಯ ಮದುವೆ ಮನೆಯಲ್ಲಿ ವಿಡಿಯೋ ತೋರಿಸುತ್ತಿದ್ದಾಗಲೇ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ ಕತೆ. ಕೆಳಗೆ ಕೈಯಿಟ್ಟರೆ ಕಾದ ಹಂಚು.

ಮರುದಿನ ಜತ್ತಿನ ಪೇಟೆಯಲ್ಲಿ ಗದ್ದಲ. ಫೋಟೋ ಸ್ಟುಡಿಯೋದ ಬಾಳಾಸಾಹೇಬರು ರಿಪೇರಿಯ ಆರಿಫನ ಮೇಲೆ ಫಿರ್ಯಾದಿ ಕೊಟ್ಟಿದ್ದರು. ಆರಿಫ ಬಾಡಿಗೆಗೆ ಹಿಡಿದಿದ್ದ ಗಾಳಾ, ಅಂದರೆ ಅಂಗಡಿ ಮಳಿಗೆ, ಕೂಡ ಅವರದೇ.

"ಹೊಸಾ ಹೀಟ್ ಸಿಂಕ್ ಹಾಕೇನಿ ಅಂದ. ಹಳೇದ ಕೂಡ್ಸಿ ಟೋಪಿ ಹಾಕ್ಯಾನ. ಸಂಜೀಕ ಗಾಳಾ ಖಾಲಿ ಮಾಡ್ಲಿ."

ಹವಾಲ್ದಾರ ಶಿದ್ರಾಯನಿಗೆ ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಇಸ್ಪೀಟು ಒಂದೇ. ಆದರೂ ಆರಿಫನ ಅಂಗಡಿಯಲ್ಲಿ ಕುರ್ಚಿ ಎಳೆದು ಕೂತ. "ನನ್ನ ಮುಂದ ಬಿಚ್ಚಪಾ. ನಿಧಾನ."

ಆರಿಫ ಚಾರ್ಜರ್ ಕಿತ್ತ, ಬ್ಯಾಟರಿ ತೆಗೆದಿಟ್ಟ. ಕಬ್ಬಿಣದ ಕಪಾಟು ಮುಟ್ಟಿದ.

"ನಮಸ್ಕಾರ ಏನು ಅದು?" ಎಂದ ಶಿದ್ರಾಯ.

"ಮೈಯಾಗಿನ ಕರೆಂಟ್ ಅದರಾಗ ಇಳೀಬೇಕ್ರಿ ಸಾಹೇಬ್ರ. ಇಲ್ಲಂದ್ರ ಚಿಪ್ಪಿಗೆ ಬಡೀತೈತಿ."

ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಸ್ಕ್ರೂ ಸಡಿಲಿಸಿ, ಫ್ಯಾನಿನ ವೈರು ಬಿಡಿಸಿ, ಹೀಟ್ ಸಿಂಕಿನ ತಾಮ್ರದ ಪಟ್ಟಿಯನ್ನು ಮೆಲ್ಲಗೆ ಅಲುಗಿಸಿ ಎತ್ತಿದ. ಚಿಪ್ಪಿನ ಕಾವನ್ನು ಫ್ಯಾನಿಗೆ ದಾಟಿಸುವ ಪಟ್ಟಿ ಅದು. ಹೊಚ್ಚ ಹೊಸದು. ಬಾಳಾಸಾಹೇಬರ ದನಿ ಅರ್ಧ ಇಳಿಯಿತು.

ಪಟ್ಟಿಗೂ ಚಿಪ್ಪಿಗೂ ನಡುವೆ ಮಾತ್ರ, ಕಾವು ದಾಟಿಸುವ ಪೇಸ್ಟ್ ಇರಬೇಕಾದಲ್ಲಿ, ಬೆಳ್ಳಗೆ ಒಣಗಿ ಬಿರಿದ ಹಕ್ಕಳೆ.

"ಪೇಸ್ಟ್ ಹಲ್ಕಾದ್ದು ಬಳದಾನ," ಎಂದ ವಿಠೋಬ. ಬಾಳಾಸಾಹೇಬರ ಹೆಂಡತಿಯ ತಮ್ಮ. ಸ್ಟುಡಿಯೋದ ಕೀಲಿ ಇರುವುದು ಇವನ ಕೈಯಲ್ಲೇ. ಕೊರಳಲ್ಲಿ ತುಳಸಿ ಮಾಲೆ.

"ನನ್ನ ಪೇಸ್ಟ್ ಹಿಂಗ ಒಣಗೂದಿಲ್ರಿ," ಎಂದ ಆರಿಫ.

ಶಿದ್ರಾಯ ಹಕ್ಕಳೆಯನ್ನು ಕಾಗದಕ್ಕೆ ಕೆರೆದುಕೊಂಡು ಮೂಸಿದ. ಪಕ್ಕದ ಖಾನಾವಳಿಗೆ ಕೂಗಿದ: "ದುಂಡವ್ವ, ಚಿಟಿಕಿ ಅರಿಶಿಣ ತಾ."

ಅರಿಶಿಣ ಬಂತು. ಹಕ್ಕಳೆಯ ಪುಡಿಗೆ ಅದನ್ನು ಬೆರೆಸಿ, ಒಂದು ಹನಿ ನೀರು ಹಾಕಿ ಕಲಸಿದ್ದೇ ತಡ, ಕುಂಕುಮದಂತೆ ಕೆಂಪಾಯಿತು.

"ಸುಣ್ಣ," ಎಂದಳು ದುಂಡವ್ವ. "ಯಂತ್ರಕ್ಕ ಎಲಿಅಡಿಕಿ ತಿನಿಸೀರೇನು?"

\* \* \*

"ಸುಣ್ಣ ತಂಬಾಕದವ್ರ ಕಡೆ ಇರ್ತೈತಿ," ಎಂದ ಶಿದ್ರಾಯ. "ಆರಿಫಾ?"

"ನಾ ಚಾ ಒಂದ ಕುಡಿಯೂದ್ರಿ."

ಬಾಳಾಸಾಹೇಬರು ಕೆನ್ನೆ ಮುಟ್ಟಿಕೊಂಡರು. "ದವಡಿ ಆಪರೇಶನ್ ಆದಾಗಿಂದ ಬಿಟ್ಟೇನ್ರಿ."

ವಿಠೋಬ ಮಾಲೆ ಹಿಡಿದ. "ನಾ ಮಾಳಕರಿ, ಮಾಲಿ ಹಾಕಿ ವ್ರತ ಹಿಡದಾಂವ. ಅಡಿಕಿನೂ ಮುಟ್ಟಂಗಿಲ್ಲ."

"ಹಂಗಾರ ಮುಗೀತು." ಶಿದ್ರಾಯ ಅಂಗೈಗೆ ತಂಬಾಕು ಸುರಿದುಕೊಂಡ. ಪಂಚನಾಮೆ, ಸಾಂಗಲಿ ಬಸ್ಸು ಅಂತ ಏನೇನೋ ಮಾತಾಡುತ್ತ, ಯಾರ ಮುಖವನ್ನೂ ನೋಡದೆ ಅಂಗೈ ಚಾಚಿದ. "ಸುಣ್ಣ ಕೊಡ್ರೋ ಯಾರರ."

ಚಾಚಿದ ಅಂಗೈಗೆ ಸುಣ್ಣ ಇಲ್ಲ ಎನ್ನುವವರು ಈ ಸೀಮೆಯಲ್ಲಿಲ್ಲ. ಕೋರ್ಟಿನಲ್ಲಿ ಬಡಿದಾಡುವ ದಾಯಾದಿಗಳೂ ಹೊರಗೆ ಬಂದು ಒಂದೇ ಡಬ್ಬಿಗೆ ಬೆರಳಿಡುತ್ತಾರೆ. ಅದು ಕೈಯ ರೂಢಿ. ತಲೆಯ ಅಪ್ಪಣೆ ಬೇಕಿಲ್ಲ. ವಿಠೋಬನ ಕೈ ಒಳಜೇಬಿಗೆ ಹೋಗಿ, ಸುಣ್ಣದ ಟ್ಯೂಬು ತಂದು, ಹವಾಲ್ದಾರನ ಅಂಗೈ ಮೇಲೆ ಹಿಚುಕಿಬಿಟ್ಟಿತ್ತು.

ಆಮೇಲೆ ಅವನೂ ತನ್ನ ಕೈಯನ್ನು ನೋಡಿದ.

"ಮಾಲಿ ಹೊರಗ, ತಂಬಾಕ ಒಳಗ," ಎಂದ ಶಿದ್ರಾಯ. "ಪೇಸ್ಟ್ ಒರಸಿ ಹಂಗ ಬಿಟ್ಟಿದ್ರ, ಯಾರೋ ಕೈ ಹಾಕ್ಯಾರ ಅಂತ ತಿಳೀತಿತ್ತು. ಪೇಸ್ಟಿನಂಗ ಬೆಳ್ಳಗ ಏನರ ಇದ್ರ ಆರಿಫನ ಕೆಲಸ ಕೆಟ್ಟದ್ದು ಅನಸ್ತೈತಿ. ಆದ್ರ ಸುಣ್ಣ ಒಣಗಿ ಬಿರೀತು, ಕಾವು ದಾಟಲಿಲ್ಲ, ಒಳಗ ಸಗಣಿ ಕುಳ್ಳ ಉರದಂಗ ಆತು. ಯಾಕ ಮಾಡಿದಿ?"

ಉತ್ತರ ಬಂದದ್ದು ಬಾಳಾಸಾಹೇಬರಿಂದ. "ಗಾಳಾ ನನಗ ಕೊಡ್ರಿ, ಮೊಬೈಲ್ ಅಂಗಡಿ ಹಾಕತೀನಿ ಅಂತ ದೀಪಾವಳಿಂದ ಬೆನ್ನ ಹತ್ಯಾನ."

ಆರಿಫ ಆಗಲೇ ಚಿಪ್ಪು ಒರೆಸಿ, ಜೋಳದ ಕಾಳಿನಷ್ಟು ಪೇಸ್ಟ್ ಇಟ್ಟು, ಸ್ಕ್ರೂಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಿದ್ದ. ಮದುವೆಯ ವಿಡಿಯೋ ಅರಿಶಿಣದಿಂದ ಬೀಗರ ಊಟದವರೆಗೆ ಒಂದೇ ಉಸಿರಿಗೆ ಓಡಿತು. ಪೇಟೆಯವರು ಊಟ ಬಿಟ್ಟು ನಿಂತು ನೋಡಿದರು.

"ಫಿರ್ಯಾದಿ ವಾಪಸ್ ತಗೋತೀನ್ರಿ," ಎಂದು ಬಾಳಾಸಾಹೇಬರು ಗೊಣಗಿದರು.

"ಕೊಡೂ ಮುಂದ ಹೆಂಗ ಒದರಿದ್ರಿ, ಹಂಗ ಒದರಿ ತಗೋರಿ," ಎಂದ ಶಿದ್ರಾಯ.

ಬಾಳಾಸಾಹೇಬರು ಮೆಟ್ಟಿಲಿಗೆ ಬಂದು ಗಂಟಲು ಸರಿಮಾಡಿಕೊಂಡರು. "ಆರಿಫನ ಕೆಲಸ ಚೋಖ ಐತಿ. ಗಾಳಾ ಅವಂದ."

ಎಸ್‌ಟಿ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು.