ನುಂಗದ ತೀರ್ಥ

"ತೀರ್ಥ ಉಗೀತೀಯಾ? ದೇವ್ರ ತೀರ್ಥ!"

ಶಾಂತಮಲ್ಲಮ್ಮನ ಕೂಗಿಗೆ ಬೇಗೂರಿನ ಆ ಬೀದಿಯೇ ತಿರುಗಿ ನೋಡಿತು. ಲಿಂಗಪೂಜೆ ಮುಗಿಸಿ ಕೈಯಾರೆ ಕೊಟ್ಟ ತೀರ್ಥ ಸೊಸೆ ಕಾವ್ಯಶ್ರೀಯ ತುಟಿಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಎರಡು ದಿನದಿಂದ ಅವಳದು ಮಾತಿಲ್ಲ, ಊಟವಿಲ್ಲ. ಸೆರಗು ಹೊದ್ದು ಮೂಲೆ ಹಿಡಿದಿದ್ದಳು. ಅದಕ್ಕೂ ಮುಂಚೆ, ಹಲ್ಲುನೋವು, ಗುಂಡ್ಲುಪೇಟೆಗೆ ಹೋಗಿ ತೋರಿಸಿಕೊಂಡು ಬರುತ್ತೇನೆ ಎಂದವಳಿಗೆ, "ಹಲ್ಲಿಗೆಲ್ಲ ಡಾಕ್ಟ್ರಾ? ಲವಂಗ ಕಚ್ಕೊ ಕಣಮ್ಮಿ" ಎಂದಿದ್ದಳು ಅತ್ತೆ. ಆ ಮಾತಿಗೇ ಈ ಮುನಿಸು, ಈ ಸೊಕ್ಕು ಎಂಬುದು ಅವಳ ತೀರ್ಮಾನ. ತನ್ನ ತೀರ್ಮಾನ ಎಂದೂ ತಪ್ಪಿದ್ದಿಲ್ಲ ಎಂಬುದೂ ಅವಳದೇ ತೀರ್ಮಾನ!

"ಬಾಯಿ ತಗಿ! ನನ್ ಮ್ಯಾಲಿನ ಕ್ವಾಪಾನ ದೇವ್ರ ಮ್ಯಾಲೆ ತೋರುಸ್ತೀಯಾ?"

ಸೆರಗು ಸರಿಸಿ ಗದ್ದ ಹಿಡಿದೆತ್ತಿದಳು. ಹಿಡಿದ ಕೈ ಹಾಗೇ ನಿಂತಿತು. ಕತ್ತು ಕಾದ ಹೆಂಚಿನಂತೆ ಸುಡುತ್ತಿತ್ತು, ಊದಿ ಹಲಗೆಯಂತೆ ಗಟ್ಟಿಯಾಗಿತ್ತು. ಕಚ್ಚಿಕೊಂಡ ಹಲ್ಲುಗಳ ನಡುವೆ ಬೆರಳೂ ತೂರಲಿಲ್ಲ. ತೀರ್ಥವಷ್ಟೇ ಅಲ್ಲ, ಅವಳ ಎಂಜಲೂ ಒಳಗಿಳಿಯದೆ ಸುರಿಯುತ್ತಿತ್ತು...

ಮುನಿಸಲ್ಲ ಇದು... ಶಿವನೇ, ಮುನಿಸಲ್ಲ!

"ವಸೀಂ, ಆಟೋ ತಗಿಯಪ್ಪಾ!" ಎಂದು ಪಕ್ಕದ ಮನೆಗೆ ಓಡಿದಳು.

ಗುಂಡ್ಲುಪೇಟೆಯವರು ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೆ ಕಳಿಸಿದರು. ಅಲ್ಲಿಯ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. "ಹಲ್ಲಿನ ಬುಡದ ಕೀವು ಕತ್ತಿನ ಮಾಂಸಕ್ಕೆ ಇಳಿದಿದೆ ಅಮ್ಮ. ಉಸಿರು ಕಟ್ಟೋ ಮೊದ್ಲು ಗಂಟಲಿಗೆ ನಳಿಕೆ ಹಾಕ್ಬೇಕು, ಕೊಳೆತದ್ದನ್ನೆಲ್ಲ ಕೊಯ್ದು ತೆಗೀಬೇಕು. ಆದ್ರೂ ಉಳೀತಾರೆ ಅಂತ ಭರವಸೆ ಕೊಡಕ್ಕಾಗಲ್ಲ. ಇಷ್ಟು ದಿನ ಯಾಕೆ ಕರ್ಕೊಂಡು ಬರ್ಲಿಲ್ಲ?"

"ನಾನೇ ಬುಡ್ಲಿಲ್ಲ ಸಾ. ತಪ್ಪು ನಂದೇ."

"ಗಂಡ ಎಲ್ಲಿ? ಆಪರೇಷನ್‌ಗೆ ಸಹಿ ಬೇಕು."

"ಮಹದೇವಣ್ಣ ತರಕಾರಿ ಗಾಡಿ ತಗೊಂಡು ಕೇರಳಕ್ಕೆ ಹೋಗವ್ರೆ. ಗಡಿ ಹತ್ರ ಮದ್ದೂರು ಕಾಡಲ್ಲಿ ಫೋನ್ ಸಿಗ್ತಿಲ್ಲ," ಎಂದ ವಸೀಂ.

"ಕಾಯೋದೇನ? ತನ್ನಿ ಪೆನ್ನ," ಎಂದಳು ಶಾಂತಮಲ್ಲಮ್ಮ. "ನನ್ ಮಗ ಬಂದು ಕೇಳಿದ್ರೆ ಉತ್ರ ನಾನ್ ಕೊಡ್ತೀನಿ. ಕೊಯ್ರಿ, ಉಳುಸ್ಕೊಡಿ!"

ಸಹಿ ಹಾಕಿ ಪೆನ್ನು ಹಿಂದಕ್ಕೆ ಕೊಟ್ಟಳು. "ಅವ್ಳು ನುಂಗೋಗಂಟ ನಾನೂ ತೀರ್ಥ ಮುಟ್ಟಕಿಲ್ಲ," ಎಂದು ಎದೆಯ ಲಿಂಗವನ್ನು ಹಿಡಿದು ಆಪರೇಷನ್ ಕೋಣೆಯ ಬಾಗಿಲಲ್ಲೇ ಕೂತಳು.

ಎರಡು ಸಲ ಕೊಯ್ದರು. ಹನ್ನೆರಡು ದಿನ ಅವಳು ಪೂಜೆ ಮಾಡಿದಳು, ತೀರ್ಥ ತೆಗೆದುಕೊಳ್ಳಲಿಲ್ಲ. ಕತ್ತಿನ ನಳಿಕೆ ತೆಗೆದು ಗುಟುಕು ನೀರು ಕೊಡಬಹುದು ಎಂದು ಡಾಕ್ಟರು ಹೇಳಿದ ದಿನ ತೀರ್ಥದ ಬಟ್ಟಲು ಹಿಡಿದು ಸೊಸೆಯ ಬಳಿ ಬಂದಳು. ಕಾವ್ಯಶ್ರೀ ಬೆರಳಗಲ ಬಾಯಿ ತೆರೆದು ನುಂಗಿದಳು. ಒಂದು ಹನಿ ಮಾತ್ರ ತುಟಿಯಂಚಿನಿಂದ ಜಾರಿತು. ಅವಳ ಕಣ್ಣುಗಳು ಭಯದಿಂದ ಅಗಲವಾದವು.

ಶಾಂತಮಲ್ಲಮ್ಮ ಆ ಹನಿಯನ್ನು ಅಂಗೈಗೆ ಹಿಡಿದು, ಕಣ್ಣಿಗೊತ್ತಿಕೊಂಡು, ಕುಡಿದಳು.

"ಎಂಜ್ಲು... ಅತ್ತೆ..." ಬಿರುಕು ಬಿಟ್ಟ ದನಿ ಹೊರಟಿತು.

"ಸುಮ್ಕಿರಮ್ಮಿ..." ಎಂದವಳು ತಟ್ಟನೆ ಸೊಸೆಯ ಕೈ ಹಿಡಿದುಕೊಂಡಳು. "ಬ್ಯಾಡ, ಸುಮ್ಕಿರಬ್ಯಾಡ. ಮಾತಾಡು."