ಸರ್ವರ್ ಕೋಣೆಯ ಹುಳಿ ಕೋಸು

"ಥೂ! ಏನ್ರೀ ಇದು ನಾತ?"

ಜೋರ್ನಿತ್ಸಾ ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಬಲ್ಗೇರಿಯಾದ ರಾಜಧಾನಿ ಸೋಫಿಯಾದಿಂದ ಡ್ಯಾನ್ಯೂಬ್ ದಡದ ರೂಸೆ ಊರಿಗೆ ಬಂದಿದ್ದು ಬಸ್ ಕಂಪನಿಯ ಎರಡು ಸರ್ವರ್ ಕಂಪ್ಯೂಟರ್‌ಗಳನ್ನು ಜೋಡಿ ಮಾಡಲು. ಟಿಕೆಟ್ ಕೆಲಸವನ್ನು ಅವು ಹಂಚಿಕೊಳ್ಳಬೇಕು. ಒಂದು ಸತ್ತರೆ ಇನ್ನೊಂದು ಪೂರ್ತಿ ಹೊರಬೇಕು. ಆದರೆ ಅವುಗಳ ನಡುವೆ ಒಂದು ನೀಲಿ ಪೀಪಾಯಿ! ಅದರ ಕೊಳವೆಗೆ ಬಾಯಿಟ್ಟು ಹುಳಿನೀರು ಎಳೆಯುತ್ತಿದ್ದ ಗಂಡಸು ತೋಳಿನಿಂದ ತುಟಿ ಒರೆಸಿಕೊಂಡ.

"ಚಳಿಗಾಲಕ್ಕೆ ಅಂತ ಉಪ್ಪುನೀರಲ್ಲಿ ಹುಳಿಗಿಟ್ಟ ಕೋಸು ಮೇಡಂ. ಆಗಾಗ ನೀರು ಎಳೆದು ಮತ್ತೆ ಮೇಲಿಂದ ಸುರೀಬೇಕು. ಊರಲ್ಲಿ ಇಷ್ಟು ತಂಪು ಜಾಗ ಬೇರೆಲ್ಲಿದೆ? ನಾನು ವೆಸೆಲಿನ್, ಈ ಕೋಣೆ ನೋಡ್ಕೊಳ್ಳೋನು."

ಅವನು ಚಾಚಿದ ಕೈ ಒದ್ದೆ. ಹಿಡಿಯದೆ ವಿಧಿಯಿರಲಿಲ್ಲ. ಎಷ್ಟು ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಸಂಜೆ ಹೋಟೆಲಿನಲ್ಲಿ ಬೆರಳು ಮೂಸಿದಳು. ಅಸಹ್ಯ... ಇನ್ನೊಮ್ಮೆ ಮೂಸಿದಳು.

'ನನಗೇನಾಗಿದೆ!'

ವಾರವಿಡೀ ಅಕ್ಕಪಕ್ಕ ಕೂತು ಕೆಲಸ. ಕೊನೆಗೆ ಎರಡೂ ಸರ್ವರ್‌ಗಳ ನಡುವೆ ಒಂದು ಕೇಬಲ್ ಎಳೆದಳು.

"ಇದರಲ್ಲಿ ಒಂದಕ್ಕೊಂದು 'ಬದುಕಿದ್ದೀನಿ' ಅಂತ ಹೇಳ್ತಾ ಇರ್ತವೆ. ಎದೆಬಡಿತ ಅಂತೀವಿ ಇದಕ್ಕೆ."

"ಹೇಳೋದು ನಿಲ್ಲಿಸಿದ್ರೆ?"

"ಅದು ಸತ್ತಿದೆ ಅಂತ ಇದು ತಿಳ್ಕೊಳ್ಳುತ್ತೆ."

"ಸತ್ತಿಲ್ದೆ ಬರೀ ಮುನಿಸ್ಕೊಂಡಿದ್ರೆ?"

ಅವಳು ನಕ್ಕುಬಿಟ್ಟಳು. ಬಾಯಿ ತೆರೆದದ್ದೇ ತಡ, ಹುಳಿನಾತ ಗಂಟಲಿಗಿಳಿಯಿತು. ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು.

ಮರುದಿನ ಬಸ್ ನಿಲ್ದಾಣದಲ್ಲಿ ರಂಪ! ಒಂದೊಂದು ಸೀಟಿಗೂ ಇಬ್ಬಿಬ್ಬರು ಪ್ರಯಾಣಿಕರು. ಕೇಬಲ್ ಕಿತ್ತುಬಂದಿತ್ತು; ಇನ್ನೊಂದು ಸತ್ತಿತೆಂದು ತಿಳಿದು ಪ್ರತಿಯೊಂದು ಸರ್ವರ್ ಕೂಡ ಇಡೀ ಬಸ್ಸನ್ನು ತಾನೇ ಮಾರಿತ್ತು. ಜೋರ್ನಿತ್ಸಾ ಸರ್ವರ್ ಕೋಣೆಗೆ ನುಗ್ಗಿ ವೆಸೆಲಿನ್ ಮೇಲೆ ಹರಿಹಾಯ್ದಳು.

"ನಿಮ್ಮ ದರಿದ್ರ ಪೀಪಾಯಿ ಎಳೆದಾಡಿ ಕಿತ್ತಿದ್ದೀರಿ! ನಿಮ್ಮನ್ನ ನೋಡಿದ್ರೇ ವಾಕರಿಕೆ ಬರುತ್ತೆ!"

ವೆಸೆಲಿನ್ ಮಾತಾಡಲಿಲ್ಲ. ಹಿಂದೆಯೇ ಬಂದ ಕಂಪನಿಯ ಮ್ಯಾನೇಜರ್ ಅಲ್ಲೇ ಅವನನ್ನು ಕೆಲಸದಿಂದ ತೆಗೆದರು. ಅವನು ಪೀಪಾಯಿ ಉರುಳಿಸಿಕೊಂಡು ಹೊರಟುಹೋದ.

ಕೇಬಲ್ ಸಿಕ್ಕಿಸಲು ಬಗ್ಗಿದಾಗ ಅವಳಿಗೆ ಕಂಡಿತು... ಅದರ ಮೇಲೆ ತನ್ನದೇ ಬೂಟಿನ ಹಿಮ್ಮಡಿಯ ಗುರುತು! ನಿನ್ನೆ ಓಡುವಾಗ ತುಳಿದಿದ್ದು. ಅಷ್ಟೇ ಅಲ್ಲ, ಯಾವುದು ಬದುಕಿದೆ ಎಂದು ಸಾಕ್ಷಿ ಹೇಳಲು ಮೂರನೆಯ ಯಂತ್ರವೊಂದನ್ನು ಇಡಬೇಕಿತ್ತು. ಅವನ ಹರಟೆಯ ಗುಂಗಿನಲ್ಲಿ ಮರೆತಿದ್ದಳು.

ಈಗ ವಾಕರಿಕೆ ಬಂದದ್ದು ತನ್ನ ಮೇಲೆಯೇ.

ಮ್ಯಾನೇಜರ್‌ಗೆ ನಿಜ ಹೇಳಿ, ಚೆನ್ನಾಗಿ ಬೈಸಿಕೊಂಡು, ಅವನನ್ನು ಹುಡುಕಿಕೊಂಡು ಹೊರಟಳು. ವೆಸೆಲಿನ್ ಡ್ಯಾನ್ಯೂಬ್ ದಡದಲ್ಲಿ ಪೀಪಾಯಿಗೆ ಒರಗಿ ಕೂತಿದ್ದ.

"ನಿಮ್ಮ ಕೆಲಸ ವಾಪಸ್ ಸಿಕ್ಕಿದೆ. ತಪ್ಪು ನಂದು."

"ಗೊತ್ತಿತ್ತು. ನಿನ್ನೆಯಿಂದ ಪೀಪಾಯಿ ನಾನು ಮುಟ್ಟೇ ಇರ್ಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ವಾಕರಿಕೆ ಅಂದ್ರಲ್ಲ... ಅದಾದ್ಮೇಲೆ ಏನು ಹೇಳಿ ಏನು?"

"ಈಗಲೂ ಬರ್ತಿದೆ! ಎಂಥ ನಾತ ಮಾರಾಯ್ರೇ..." ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ಆದ್ರೂ ನೀವಿಲ್ದೆ ಆ ಕೋಣೆಯಲ್ಲಿ ಉಸಿರಾಡಕ್ಕೇ ಆಗ್ಲಿಲ್ಲ ನನಗೆ."

ಅವನು ಎದ್ದು ಎದುರಿಗೆ ನಿಂತ.

"ಸೋಫಿಯಾಕ್ಕೆ ಹೋಗ್ಬೇಡ."

ಇಷ್ಟು ದಿನ ಬಹುವಚನ ಬಿಡದಿದ್ದವನು!

"ಏನಂದ್ರಿ?"

"ಹೋಗ್ಬೇಡ ಅಂದೆ."

"ಹೂಂ... ಹೋಗಲ್ಲ ಕಣೋ."