ಸೊಪ್ಪಿನ ಗುಡ್ಡೆ

ಅದು ೧೯೩೬ರ ಬೇಸಿಗೆ. ಪತ್ರಿಕೆಯ ವಿಶೇಷ ಸಂಚಿಕೆಗೆ ಚೆಲುವಾದ ಜಾಗಗಳ ಚಿತ್ರ ತೆಗೆಯಲು ನಾನು ಕಾರಿನಲ್ಲಿ ಹೊರಟಿದ್ದೆ. ಹ್ಯಾಂಡ್‌ಪೋಸ್ಟ್ ಎಂಬ ಊರು ದಾಟಿ ಹುಣಸೂರಿನ ಕಡೆ ಬರುವಾಗ, ಆಲದ ಮರದ ಕೆಳಗೆ ಸೊಪ್ಪಿನ ಗುಡ್ಡೆಯೊಂದು ಕಂಡಿತು. ಅದರೊಳಗಿಂದ ಕೆತ್ತನೆಯ ಕಲ್ಲೊಂದು ಇಣುಕುತ್ತಿತ್ತು. ದಾರಿಹೋಕರು ಒಂದೊಂದು ಹಸಿರು ರೆಂಬೆ ಅದರ ಮೇಲೆ ಎಸೆದು ಹೋಗುತ್ತಿದ್ದರು. ಕಾರು ನಿಲ್ಲಿಸಲು ಹೇಳಿದೆ.

"ಸೊಪ್ಪು ತಗೀಬ್ಯಾಡಿ ಸ್ವಾಮಿ," ಎಂದಳು ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿ. "ಇಲ್ಲಿ ಒಬ್ಬನ್ನ ಕಡಿದಾಕಿದ್ರು. ಆ ಕಲ್ಲು ಅವನ್ದೇ. ಅವನ ಮೈ ಮುಚ್ಚಿರೋದು ಕಣ್ರೀ ಈ ಸೊಪ್ಪು."

"ಸತ್ತೋನ್ಗೂ ನಾಚ್ಕೆನಾ ಅಜ್ಜಿ?" ಎಂದು ನನ್ನ ಡ್ರೈವರ್ ಕೆಂಚಯ್ಯ ನಕ್ಕ. ಸೊಪ್ಪನ್ನೆಲ್ಲ ಬಾಚಿ ಎಸೆದು, ಕಲ್ಲಿನ ಎತ್ತರ ಚಿತ್ರದಲ್ಲಿ ತಿಳಿಯಲೆಂದು ಪಕ್ಕದಲ್ಲಿ ನಿಂತ.

ನಾನು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದೆ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಉಸಿರು ಕಟ್ಟಬೇಕಿತ್ತು; ಆದರೆ ಬಾವಿಯೊಳಗಿನಂಥ ತಂಪಿತ್ತು. ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ, ಅದರಲ್ಲಿ ಎಲ್ಲವೂ ಕಾಣುವಂತೆ, ಕೆಂಚಯ್ಯ ತಲೆಕೆಳಗಾಗಿ ನಗುತ್ತಿದ್ದ. ಆಗ ಎಳನೀರು ಕೊಚ್ಚುವಂಥ ಸದ್ದು ಕೇಳಿತು. ಮತ್ತೆ ಕೇಳಿತು. ಮತ್ತೆ. ಗಾಜಿನಲ್ಲಿ ಅವನು ನಗುತ್ತಲೇ ಇದ್ದ.

ಬಟ್ಟೆ ಕಿತ್ತೆಸೆದು ನೋಡಿದರೆ ಕೆಂಚಯ್ಯ ರಕ್ತದ ಮಡುವಿನಲ್ಲಿ ಹೊರಳುತ್ತಿದ್ದ. ಹತ್ತಿರ ಯಾರೂ ಇರಲಿಲ್ಲ. ಸದ್ದು ಮಾತ್ರ ನಿಂತಿರಲಿಲ್ಲ; ಒಂದೊಂದು ಸದ್ದಿಗೂ ಅವನ ಮೈ ಎಗರುತ್ತಿತ್ತು.

"ಮುಚ್ರಿ ಸ್ವಾಮಿ, ಮುಚ್ರಿ! ಇವನು ಉಳೀಬೇಕಲ್ವಾ?" ಮುದುಕಿ ಕಲ್ಲಿನ ಮೇಲೆ ಸೊಪ್ಪು ಸುರಿಯುತ್ತಿದ್ದಳು. ನಾನೂ ಬಾಚಿ ಬಾಚಿ ಸುರಿದೆ. ಕಲ್ಲು ಪೂರ್ತಿ ಮರೆಯಾದ ಮೇಲೆ ಸದ್ದು ನಿಂತಿತು.

ಕೆಂಚಯ್ಯ ಬದುಕಿದ; ಬಲಗೈ ಉಳಿಯಲಿಲ್ಲ. ಹುಣಸೂರಿನ ಆಸ್ಪತ್ರೆಯಲ್ಲಿ ಪೊಲೀಸರು ನನ್ನ ಮೇಲೆ ಸಂಶಯಪಟ್ಟು, ಅವನ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವನ ಬೆನ್ನು, ಭುಜದ ತುಂಬ ಮಚ್ಚಿನೇಟುಗಳಿದ್ದವು. ಅಂಗಿ ರಕ್ತದಲ್ಲಿ ತೊಯ್ದಿತ್ತು, ಎಲ್ಲೂ ಹರಿದಿರಲಿಲ್ಲ.